ದೀಪ ಆರಿಸಿದ್ರೆ ರಿಪೇರಿ ಆದಂಗಲ್ಲ ಸ್ವಾಮಿ!

ಎರಡು ತಿಂಗಳಿಂದ ಈ ಕಡೆ ತಲೆ ಹಾಕಿರಲಿಲ್ಲ. ಆಫೀಸಿನಲ್ಲಿ ರಿಲೀಸ್ ಇತ್ತು ಅನ್ನೋದು ಒಂದು ನೆಪ. ನಿಜವಾದ ಕಾರಣ ನಮ್ಮ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಉರಿಯುತ್ತಿದ್ದ ಒಂದು ಹಳದಿ ದೀಪ. ಎಂಜಿನ್ ಆಕಾರದ್ದು, ನೀವೂ ನೋಡಿರ್ತೀರಿ. ಚೆಕ್ ಎಂಜಿನ್ ಲೈಟ್ ಅಂತಾರೆ. ಹೋಗುತ್ತೆ, ಬರುತ್ತೆ, ಮತ್ತೆ ಹೋಗುತ್ತೆ, ಮತ್ತೆ ಬರುತ್ತೆ. ಅದರ ಹಿಂದೆ ಬಿದ್ದು ನಾಲ್ಕು ಗ್ಯಾರೇಜು ಸುತ್ತಿ, ಹದಿಮೂರು ಸಾವಿರ ಕಳೆದುಕೊಂಡು, ಕೊನೆಗೆ ನನಗೆ ಅರ್ಥವಾದ ಒಂದು ವಿಷಯ ಇದೆ. ಅದನ್ನು ಹೇಳದೆ ಇರೋಕಾಗ್ತಿಲ್ಲ. ಸ್ವಲ್ಪ ಉದ್ದದ ಕೊರೆತ, ಸಹಿಸಿಕೊಳ್ಳಿ :-)

ಕಾರು ಅಪ್ಪನದು. 2013ರ ಕೊನೆಯಲ್ಲಿ ತಗೊಂಡಿದ್ದು, ಪೆಟ್ರೋಲ್ ಗಾಡಿ. ನಾನಾಗ ಪಿಯುಸಿ. ಹಾಸನದಲ್ಲಿ ಮೇಷ್ಟ್ರಾಗಿದ್ದ ಅಪ್ಪ ಸಾಲ ಮಾಡಿ ತಗೊಂಡ ಮೊದಲ ಮತ್ತು ಕೊನೆಯ ಕಾರು. ರಿಟೈರ್ ಆದ ಮೇಲೆ "ನಂಗ್ಯಾಕೋ ಇನ್ನು, ನೀನೇ ಇಟ್ಕೋ" ಅಂತ ಬೆಂಗಳೂರಿಗೆ ಕಳಿಸಿಕೊಟ್ಟರು. ಹನ್ನೆರಡು ವರ್ಷ ದಾಟಿದೆ ಅನ್ನೋದು ಬಿಟ್ಟರೆ ಗಾಡಿಗೆ ಏನೂ ಆಗಿರಲಿಲ್ಲ. ಆ ದೀಪ ಹತ್ತುವ ತನಕ.

ಮೊದಲು ಹೋಗಿದ್ದು ಕಂಪನಿಯ ಸರ್ವಿಸ್ ಸೆಂಟರಿಗೆ. ಎಸಿ ರೂಮು, ಕಾಫಿ, ಟೈ ಕಟ್ಟಿದ ಅಡ್ವೈಸರ್. ಸ್ಕ್ಯಾನರ್ ಹಾಕಿದರು. "ಪಿ0171 ಬಂದಿದೆ ಸಾರ್, ಸಿಸ್ಟಂ ಟೂ ಲೀನ್. ಆಕ್ಸಿಜನ್ ಸೆನ್ಸಾರ್ ಹೋಗಿದೆ." ಸೆನ್ಸಾರ್ ಹಾಕಿ 6,800 ಬಿಲ್ ಮಾಡಿದರು. ದೀಪ ಆರಿತ್ತು. ಖುಷಿಯಾಗಿ ಮನೆಗೆ ಬಂದೆ. ನಾಲ್ಕನೇ ದಿನ ಮತ್ತೆ ಹತ್ತಿತು.

ಆಮೇಲೆ ನಮ್ಮ ಏರಿಯಾದ ಒಂದು ಸಣ್ಣ ಗ್ಯಾರೇಜು. ಅಲ್ಲಿನ ಹುಡುಗ ಎರಡು ನಿಮಿಷ ಸ್ಕ್ಯಾನರ್ ಚುಚ್ಚಿ, "ಕ್ಲಿಯರ್ ಮಾಡಿದೀನಿ ಸಾರ್, ನಾನೂರು ಕೊಡಿ" ಅಂದ. ಮೂರು ಸಲ ಹೋದೆ, ಮೂರು ಸಲ ನಾನೂರು. ಮೂರನೇ ಗ್ಯಾರೇಜಿನವರು ಇಂಜೆಕ್ಟರ್ ಕ್ಲೀನ್ ಮಾಡಿ, ಸ್ಪಾರ್ಕ್ ಪ್ಲಗ್ಗು, ಫ್ಯುಯಲ್ ಫಿಲ್ಟರ್ ಬದಲಾಯಿಸಿ 5,200 ತಗೊಂಡರು. ಐದನೇ ದಿನ ದೀಪ. ನಾಲ್ಕನೆಯವರು ಏನೂ ಬಿಚ್ಚಲೇ ಇಲ್ಲ. "ಇಸಿಎಂ ಹೋಗಿರಬೇಕು ಸಾರ್, 38 ಸಾವಿರ ಆಗುತ್ತೆ. ಹಳೇ ಗಾಡಿಗೆ ಯಾಕೆ ಅಷ್ಟು ಹಾಕ್ತೀರಾ, ಮಾರಿಬಿಡಿ" ಅಂತ ಸಲಹೆ ಕೊಟ್ಟರು. ಇದಕ್ಕೆ ದುಡ್ಡು ತಗೊಳ್ಳಲಿಲ್ಲ, ಪಾಪ.

ಇಷ್ಟರಲ್ಲಿ ನನಗೆ ಸಿಟ್ಟು ಬಂದಿತ್ತು. ಆದರೆ ಯಾರ ಮೇಲೆ ಅನ್ನೋದು ಗೊತ್ತಾಗಲಿಲ್ಲ. ರಾತ್ರಿ ಕೂತು ಈ ದೀಪದ ಹಿಂದೆ ಇರುವ ಲಾಜಿಕ್ ಓದತೊಡಗಿದೆ. ಅಲ್ಲಿಯವರೆಗೆ ಒಬ್ಬ ಎಂಜಿನಿಯರ್ ಆಗಿ ನಾನು ಇದನ್ನು ಓದಿಯೇ ಇರಲಿಲ್ಲ ಅನ್ನೋದು ಮೊದಲ ನಾಚಿಕೆ.

ಮೊದಲು ತಿಳ್ಕೋಬೇಕಾದ್ದು, ಈ ದೀಪ ಬಂದಿದ್ದು ಗಾಡಿ ಮಾಲೀಕನ ಅನುಕೂಲಕ್ಕೆ ಅಲ್ಲ. ಕ್ಯಾಲಿಫೋರ್ನಿಯಾದವರು ಹೊಗೆಯ ಕಾಟ ತಡೆಯಲಾರದೆ 1988ರ ಮಾಡೆಲ್‌ಗಳಿಂದ ಇದರ ಮೊದಲ ರೂಪವನ್ನು ಕಡ್ಡಾಯ ಮಾಡಿದರು. 1996ರ ಮಾಡೆಲ್‌ಗಳಿಂದ ಅಮೆರಿಕದ ಎಲ್ಲಾ ಕಾರುಗಳಿಗೂ ಓಬಿಡಿ-2 ಬಂತು. ಎಲ್ಲರಿಗೂ ಒಂದೇ ಥರದ 16 ಪಿನ್ನಿನ ಸಾಕೆಟ್ಟು, ಎಲ್ಲರಿಗೂ ಒಂದೇ ಕೋಡು. ನಮ್ಮಲ್ಲಿ 2010ರ ಏಪ್ರಿಲ್‌ನಲ್ಲಿ ಬಿಎಸ್-4 ಜೊತೆ ಮೊದಲ ಹಂತ, 2013ರ ಏಪ್ರಿಲ್‌ನಿಂದ ಓಬಿಡಿ-2. ಹೊಸ ಗಾಡಿ ಟೆಸ್ಟಿನಲ್ಲಿ ಪಾಸಾಗುತ್ತೆ, ಹಳೇದಾದ ಮೇಲೆ ಯಾರಿಗೂ ಗೊತ್ತಾಗದ ಹಾಗೆ ಹೊಗೆ ಕಾರುತ್ತೆ, ಅದನ್ನು ಗಾಡಿಯೇ ಬಾಯಿ ಬಿಟ್ಟು ಹೇಳಲಿ ಅನ್ನೋದು ಇದರ ಉದ್ದೇಶ. ಅಂದರೆ ಈ ದೀಪ ಇರೋದು ನಿಮಗಾಗಿ ಮಾತ್ರ ಅಲ್ಲ, ಸಿಗ್ನಲ್‌ನಲ್ಲಿ ನಿಮ್ಮ ಹಿಂದೆ ಸ್ಕೂಟರಿನಲ್ಲಿ ಮಗು ಕೂರಿಸಿಕೊಂಡು ನಿಂತಿರುವವರಿಗಾಗಿ. ಅದರ ಮೇಲೆ ಕಪ್ಪು ಟೇಪ್ ಅಂಟಿಸಿ ಓಡಿಸುವ ಮಹಾನುಭಾವರನ್ನು ನಾನು ನೋಡಿದ್ದೇನೆ. ಅವರಿಗೆ ಇದು ಗೊತ್ತಿದ್ದರೆ ಒಳ್ಳೇದಿತ್ತು. ಅಂದ ಹಾಗೆ, ದೀಪ ಉರಿಯುತ್ತಿರುವಾಗಲೇ ನಮ್ಮ ಗಾಡಿಗೆ ಎಮಿಷನ್ ಸರ್ಟಿಫಿಕೇಟೂ ಸಿಕ್ಕಿತು. ಸೈಲೆನ್ಸರಿಗೆ ಕಡ್ಡಿ ಹಾಕಿದರು, ಫೋಟೋ ತೆಗೆದರು, ಕೊಟ್ಟರು. ಡ್ಯಾಶ್‌ಬೋರ್ಡ್ ಕಡೆ ಯಾರೂ ಕತ್ತು ಹಾಕಲಿಲ್ಲ.

ಎರಡನೇದು, ಕೋಡು ಏನು ಹೇಳುತ್ತೆ ಅನ್ನೋದು. ಪಿ0171 ಅಂದರೆ "ಆಕ್ಸಿಜನ್ ಸೆನ್ಸಾರ್ ಹಾಳಾಗಿದೆ" ಅಂತ ಅಲ್ಲವೇ ಅಲ್ಲ. ಅದು ಹೇಳೋದು ಇಷ್ಟು: "ಹೊಗೆಯಲ್ಲಿ ಇರಬೇಕಾದ್ದಕ್ಕಿಂತ ಜಾಸ್ತಿ ಆಕ್ಸಿಜನ್ ಕಾಣಿಸ್ತಿದೆ. ಪೆಟ್ರೋಲ್ ಕಮ್ಮಿ ಆಗಿದೆ ಅಂದುಕೊಂಡು ನಾನು ಜಾಸ್ತಿ ಹಾಕ್ತಾ ಇದೀನಿ. ಆದರೂ ಸರಿ ಹೋಗ್ತಿಲ್ಲ, ನನ್ನ ಕೈಲಿ ಇನ್ನು ಆಗಲ್ಲ." ಇದಕ್ಕೆ ಪೆಟ್ರೋಲ್ ಪಂಪು ವೀಕ್ ಆಗಿರಬಹುದು, ಇಂಜೆಕ್ಟರ್ ಕಟ್ಟಿರಬಹುದು, ಎಂಜಿನ್ನಿಗೆ ಗಾಳಿ ಹೋಗುವ ದಾರಿಯಲ್ಲಿ ಎಲ್ಲೋ ಲೀಕ್ ಇರಬಹುದು, ಹೊಗೆ ಬರುವ ದಾರಿಯಲ್ಲಿ ಸೆನ್ಸಾರಿಗಿಂತ ಮುಂಚೆ ಲೀಕ್ ಇರಬಹುದು. ಸೆನ್ಸಾರೇ ಸುಳ್ಳು ಹೇಳುತ್ತಿರಲೂಬಹುದು, ಆದರೆ ಅದು ಹತ್ತರಲ್ಲಿ ಒಂದು ಅನುಮಾನ ಅಷ್ಟೇ. ಸೆನ್ಸಾರಿನ ಹೀಟರ್ ಹೋದರೆ ಪಿ0135 ಥರದ ಬೇರೆ ಕೋಡುಗಳೇ ಇವೆ. ಮಗುವಿಗೆ 103 ಜ್ವರ ಅಂತ ಥರ್ಮಾಮೀಟರ್ ತೋರಿಸಿದರೆ ಡಾಕ್ಟರು ಥರ್ಮಾಮೀಟರನ್ನೇ ಬದಲಾಯಿಸಿ 6,800 ಬಿಲ್ ಮಾಡಿದ ಹಾಗಾಯ್ತು ನನ್ನ ಕಥೆ.

ಮೂರನೇದೇ ಮುಖ್ಯ. ದೀಪ ಯಾವಾಗಲೂ ಮೂರ್ನಾಲ್ಕು ದಿನ ಬಿಟ್ಟು ಯಾಕೆ ಬರುತ್ತೆ? ಅದು ಹಾಗೇ ಮಾಡಿರೋದು ಸ್ವಾಮಿ! ಬಹುತೇಕ ದೋಷಗಳಿಗೆ ಗಾಡಿಯ ಕಂಪ್ಯೂಟರು ಒಂದೇ ಸಲಕ್ಕೆ ದೀಪ ಹಚ್ಚುವುದಿಲ್ಲ. ಒಂದು ಓಡಾಟದಲ್ಲಿ ಕಂಡರೆ ಪೆಂಡಿಂಗ್ ಅಂತ ಬರೆದಿಟ್ಟುಕೊಳ್ಳುತ್ತೆ. ಮುಂದಿನ ಓಡಾಟದಲ್ಲೂ ಕಂಡರೆ ಆಗ ದೀಪ. ಸುಮ್ಮನೆ ಹೆದರಿಸಬಾರದು ಅಂತ ಈ ವ್ಯವಸ್ಥೆ. ಇದರ ಜೊತೆಗೆ, ಎಷ್ಟು ಪೆಟ್ರೋಲ್ ಜಾಸ್ತಿ ಹಾಕಬೇಕು ಅಂತ ಕಂಪ್ಯೂಟರು ದಿನಾ ಕಲಿತಿಟ್ಟುಕೊಂಡ ಲೆಕ್ಕವೂ ಕೋಡ್ ಕ್ಲಿಯರ್ ಮಾಡಿದಾಗ ಸಾಮಾನ್ಯವಾಗಿ ಅಳಿಸಿ ಹೋಗುತ್ತೆ. ಅದನ್ನು ಮತ್ತೆ ಮೊದಲಿಂದ ಕಲಿಯಬೇಕು. ಹಾಗಾಗಿ ಯಾವ ಗ್ಯಾರೇಜಿನವನು ಏನು ಮಾಡಿದರೂ, ಏನೂ ಮಾಡದಿದ್ದರೂ, ಕ್ಲಿಯರ್ ಮಾಡಿದ ಮೇಲೆ ಎರಡು ಮೂರು ದಿನ ದೀಪ ಆರಿಯೇ ಇರುತ್ತೆ. ಅಷ್ಟರೊಳಗೆ ದುಡ್ಡು ಕೊಟ್ಟು ಮನೆಗೆ ಬಂದಿರ್ತೀರಿ.

ಇನ್ನೂ ದೊಡ್ಡ ಅನಾಹುತ ಏನು ಗೊತ್ತಾ? ದೋಷ ಕಂಡ ಆ ಕ್ಷಣದಲ್ಲಿ ಎಂಜಿನ್ ಎಷ್ಟು ಬಿಸಿ ಇತ್ತು, ಎಷ್ಟು ವೇಗದಲ್ಲಿತ್ತು, ಎಷ್ಟು ಆರ್‌ಪಿಎಂ, ಎಷ್ಟು ಪೆಟ್ರೋಲ್ ಜಾಸ್ತಿ ಹಾಕ್ತಿತ್ತು ಅಂತ ಕಂಪ್ಯೂಟರು ಒಂದು ಫೋಟೋ ತೆಗೆದ ಹಾಗೆ ದಾಖಲೆ ಇಟ್ಟಿರುತ್ತೆ. ಫ್ರೀಜ್ ಫ್ರೇಮ್ ಅಂತಾರೆ. ಕ್ಲಿಯರ್ ಬಟನ್ ಒತ್ತಿದರೆ ಕೋಡಿನ ಜೊತೆ ಇದೂ ಅಳಿಸಿ ಹೋಗುತ್ತೆ. ಕಳ್ಳತನ ಆದ ಮನೆಗೆ ಪೊಲೀಸ್ ಬಂದು, ಮೊದಲು ನೆಲ ಗುಡಿಸಿ ಒರೆಸಿ, ಆಮೇಲೆ "ಏನಾಯ್ತು ಹೇಳಿ" ಅಂತ ಕೇಳಿದ ಹಾಗೆ. ನಾನು ಐದು ಸಲ ದುಡ್ಡು ಕೊಟ್ಟು ನೆಲ ಒರೆಸಿಸಿದ್ದೆ.

ಸರಿ, ಆನ್‌ಲೈನಿನಲ್ಲಿ 750 ರೂಪಾಯಿಯ ಒಂದು ಬ್ಲೂಟೂತ್ ಡಬ್ಬಿ ತರಿಸಿದೆ. ಸ್ಟೀರಿಂಗ್ ಕೆಳಗಿರುವ ಸಾಕೆಟ್ಟಿಗೆ ಚುಚ್ಚಿದರೆ ಫೋನಿನಲ್ಲಿ ಎಲ್ಲಾ ಕಾಣುತ್ತೆ. ಈ ಸಲ ದೀಪ ಹತ್ತಿದಾಗ ಕ್ಲಿಯರ್ ಮಾಡದೆ ಫ್ರೀಜ್ ಫ್ರೇಮ್ ತೆಗೆದೆ. ಕೂಲೆಂಟ್ 64 ಡಿಗ್ರಿ, ವೇಗ ಸೊನ್ನೆ, 820 ಆರ್‌ಪಿಎಂ. ಅಂದರೆ ಎಂಜಿನ್ ಇನ್ನೂ ಪೂರ್ತಿ ಬಿಸಿಯಾಗಿಲ್ಲ, ಗಾಡಿ ನಿಂತಿದೆ. ನಮ್ಮ ಅಪಾರ್ಟ್‌ಮೆಂಟಿಂದ ಹೊರಟು ಮೊದಲ ಸಿಗ್ನಲ್! ಆಮೇಲೆ ನಾಲ್ಕು ದಿನ ಬೆಳಗ್ಗೆ ಲೈವ್ ನೋಡಿದೆ. ಐಡ್ಲಿಂಗಿನಲ್ಲಿ ಕಂಪ್ಯೂಟರು 24 ಪರ್ಸೆಂಟ್ ಪೆಟ್ರೋಲ್ ಜಾಸ್ತಿ ಹಾಕ್ತಿತ್ತು. ಆಕ್ಸಿಲರೇಟರ್ ಒತ್ತಿ 2,500 ಆರ್‌ಪಿಎಂಗೆ ತಂದರೆ 9ಕ್ಕೆ ಇಳಿಯುತ್ತಿತ್ತು. ಪಂಪು ವೀಕ್ ಆಗಿದ್ದರೆ ಉಲ್ಟಾ ಆಗಬೇಕಿತ್ತು, ಎಂಜಿನ್ ಜಾಸ್ತಿ ಕೇಳಿದಷ್ಟೂ ಕೊರತೆ ಜಾಸ್ತಿ ಆಗಬೇಕಿತ್ತು. ಐಡ್ಲಿಂಗಿನಲ್ಲೇ ಜಾಸ್ತಿ ಅಂದರೆ ಎಲ್ಲೋ ಗಾಳಿ ನುಗ್ಗುತ್ತಿದೆ ಅಂತ ಅರ್ಥ.

ಆಗಲೇ ತಲೆಗೆ ಹೊಳೆದಿದ್ದು. ಗ್ಯಾರೇಜಿಗೆ ನಾನು ಗಾಡಿ ಓಡಿಸಿಕೊಂಡು ಹೋಗ್ತಿದ್ದೆ. ಟ್ರಾಫಿಕ್ಕಿನಲ್ಲಿ ಮುಕ್ಕಾಲು ಗಂಟೆ. ಅಲ್ಲಿ ತಲುಪುವಾಗ ಎಂಜಿನ್ ಚೆನ್ನಾಗಿ ಬಿಸಿ. ರೋಗ ಇರೋದು ಬೆಳಗಿನ ತಣ್ಣನೆ ಎಂಜಿನ್ನಿನಲ್ಲಿ, ತೋರಿಸ್ತಿದ್ದಿದ್ದು ಮಧ್ಯಾಹ್ನದ ಬಿಸಿ ಎಂಜಿನ್. "ಚೆನ್ನಾಗೇ ಇದೆಯಲ್ಲ ಸಾರ್" ಅಂತಿದ್ದರು. ನಾವು ಆಫೀಸಿನಲ್ಲಿ ಟೆಸ್ಟರ್‌ಗಳಿಗೆ "ನನ್ನ ಮಷೀನಲ್ಲಿ ಸರಿಯಾಗೇ ಓಡುತ್ತಲ್ಲ" ಅಂತೀವಲ್ಲ, ಥೇಟ್ ಹಾಗೇ.

ಇನ್ನೊಂದು ವಿಷಯ ಹೇಳೋಕೆ ನಾಚಿಕೆ ಆಗುತ್ತೆ. ಇದಕ್ಕೆಲ್ಲಾ ಎರಡು ತಿಂಗಳು ಮುಂಚೆ ಅಪ್ಪ ಬಂದಿದ್ದರು. ಬೆಳಗ್ಗೆ ಹಾಲು ತರೋಕೆ ಹೊರಟಾಗ ನಾನು ಕಾರು ಸ್ಟಾರ್ಟ್ ಮಾಡ್ತಿದ್ದೆ. "ಲೋ, ಇದು ಬೆಳಗ್ಗೆ ಹೊತ್ತು ಟಿಕ್ ಟಿಕ್ ಟಿಕ್ ಅನ್ನುತ್ತಲ್ಲೋ, ಮುಂಚೆ ಹೀಗಿರಲಿಲ್ಲ" ಅಂದರು. "ಹಳೇ ಗಾಡಿ ಅಲ್ವೇನಪ್ಪ, ಸುಮ್ನಿರು" ಅಂದಿದ್ದೆ. ನನ್ನ ಹತ್ರ ಬಿ.ಇ. ಇದೆ, ಅಪ್ಪನ ಹತ್ರ ಹನ್ನೆರಡು ವರ್ಷ ಅದೇ ಗಾಡಿಯನ್ನು ಕೇಳಿಸಿಕೊಂಡ ಕಿವಿ ಇದೆ. ಯಾವುದು ದೊಡ್ಡದು ಅಂತ ಆಮೇಲೆ ಗೊತ್ತಾಯ್ತು.

ಪರಿಚಯದವರೊಬ್ಬರು ಹೇಳಿದ ಒಬ್ಬ ವಯಸ್ಸಾದ ಮೆಕ್ಯಾನಿಕ್ ಹತ್ತಿರ ಹೋದೆ. ಎಲ್ಲರೂ ಅವರನ್ನು ಭಾಯ್ ಅಂತಾರೆ. ನಂಬರುಗಳನ್ನು ತೋರಿಸಿದೆ, ಟಿಕ್ ಟಿಕ್ ವಿಷಯವನ್ನೂ ಹೇಳಿದೆ. "ಗಾಡಿ ಬಿಟ್ಟು ಹೋಗಿ ಸಾರ್. ನಾಳೆ ಬೆಳಗ್ಗೆ ತಣ್ಣಗಿರುವಾಗ ನಾನೇ ಸ್ಟಾರ್ಟ್ ಮಾಡ್ತೀನಿ" ಅಂದರು. ನಾಲ್ಕು ಗ್ಯಾರೇಜಿನಲ್ಲಿ ಒಬ್ಬರೂ ಈ ಮಾತು ಹೇಳಿರಲಿಲ್ಲ! ಬೆಳಗ್ಗೆ ನಾನೂ ಹೋಗಿದ್ದೆ. ಒಂದು ರಬ್ಬರ್ ಪೈಪಿನ ಒಂದು ತುದಿ ಕಿವಿಗೆ ಇಟ್ಟುಕೊಂಡು ಇನ್ನೊಂದು ತುದಿಯನ್ನು ಎಂಜಿನ್ ಸುತ್ತ ಆಡಿಸಿದರು. ಒಂದು ಕಡೆ ನಿಲ್ಲಿಸಿ ನಕ್ಕರು. ತಗಡಿನ ಕವರ್ ಬಿಚ್ಚಿದರೆ, ಎಂಜಿನ್ನಿಗೂ ಹೊಗೆಯ ಪೈಪಿಗೂ ನಡುವೆ ಇರುವ ಗ್ಯಾಸ್ಕೆಟ್ ಪಕ್ಕ ಕಪ್ಪಗೆ ಮಸಿ ಕಟ್ಟಿತ್ತು.

ಆಗಿದ್ದು ಇಷ್ಟೇ. ಹೊಗೆ ನೀರಿನ ಥರ ಒಂದೇ ಸಮನೆ ಹರಿಯೋದಿಲ್ಲ, ಒಂದೊಂದು ಸಿಲಿಂಡರಿನಿಂದ ಬಿಟ್ಟು ಬಿಟ್ಟು ಬರುತ್ತೆ. ಆ ಬಿಡುವಿನಲ್ಲಿ ಪೈಪಿನೊಳಗೆ ಒತ್ತಡ ಕಮ್ಮಿಯಾಗಿ, ಸೀಳಿದ ಗ್ಯಾಸ್ಕೆಟ್ ಮೂಲಕ ಹೊರಗಿನ ಗಾಳಿ ಒಳಗೆ ಎಳೆದುಕೊಳ್ಳುತ್ತೆ. ಐಡ್ಲಿಂಗಿನಲ್ಲಿ ಇದು ಜಾಸ್ತಿ. ಬಿಸಿಯಾದಾಗ ಕಬ್ಬಿಣ ಹಿಗ್ಗಿ ಸಂದಿ ಕಿರಿದಾಗುತ್ತೆ, ಟಿಕ್ ಟಿಕ್ಕೂ ಅಡಗುತ್ತೆ. ಸೆನ್ಸಾರು ಪಾಪ ನಿಜವನ್ನೇ ಹೇಳ್ತಿತ್ತು, ಅಲ್ಲಿ ಆಕ್ಸಿಜನ್ ಜಾಸ್ತಿ ಇತ್ತು. ಅದು ಎಲ್ಲಿಂದ ಬಂತು ಅಂತ ಯಾರೂ ಕೇಳಲಿಲ್ಲ. ಅದನ್ನು ನಂಬಿ ಕಂಪ್ಯೂಟರು ಬೇಡದ ಪೆಟ್ರೋಲನ್ನು ಸುರಿಯುತ್ತಿತ್ತು. ಸಿಟಿಯಲ್ಲಿ ಹದಿಮೂರುವರೆ ಕೊಡುತ್ತಿದ್ದ ಗಾಡಿ ಹತ್ತೂವರೆಗೆ ಇಳಿದಿದ್ದು ಅದಕ್ಕೇ.

ಜೆಸಿ ರೋಡಿನಲ್ಲಿ ಗ್ಯಾಸ್ಕೆಟ್ 350 ರೂಪಾಯಿ. ನಟ್ಟು, ಸ್ಟಡ್ಡು 120. ಭಾಯ್ ಕೂಲಿ 1,800. ಒಟ್ಟು 2,270. ಅದಕ್ಕೆ ಮುಂಚೆ ನಾನು ಸುರಿದಿದ್ದು 13,200. ಮಾರಿಬಿಡಿ ಅಂದವರ ಲೆಕ್ಕ 38,000.

ಇಲ್ಲಿಗೆ ನಿಲ್ಲಿಸಿ "ಗ್ಯಾರೇಜಿನವರೆಲ್ಲಾ ಕಳ್ಳರು" ಅಂತ ಬರೆದರೆ ನಿಮಗೂ ಖುಷಿ, ನನಗೂ ಖುಷಿ. ಆದರೆ ಅದು ಪೂರ್ತಿ ನಿಜ ಅಲ್ಲ. ಭಾಯ್ 1,800 ಅಂದಾಗ ನನ್ನ ಬಾಯಿಂದ ಬಂದ ಮೊದಲ ಮಾತು ಏನು ಗೊತ್ತಾ? "350 ರೂಪಾಯಿ ಸಾಮಾನಿಗೆ 1,800 ಕೂಲಿನಾ?" ಅಂತ! ಅವರು ಬೇಜಾರು ಮಾಡಿಕೊಳ್ಳಲಿಲ್ಲ. "ಸಾಮಾನು ಹಾಕೋಕೆ ಎರಡು ಗಂಟೆ ಸಾರ್. ಹುಡುಕಿದ್ದಕ್ಕೆ ನೀವು ಏನು ಕೊಡ್ತೀರಾ ಹೇಳಿ" ಅಂದರು. ನನ್ನ ಹತ್ರ ಉತ್ತರ ಇರಲಿಲ್ಲ. ನಾನು ಆಫೀಸಿನಲ್ಲಿ ಮೂರು ದಿನ ಕೂತು ಒಂದು ಬಗ್ ಹುಡುಕಿ, ಕೊನೆಗೆ ಒಂದೇ ಒಂದು ಸಾಲು ಬದಲಾಯಿಸಿದರೂ ಮೂರು ದಿನದ ಸಂಬಳ ಪೂರ್ತಿ ತಗೋತೀನಿ. ಒಂದು ಸಾಲಿಗೆ ಇಷ್ಟಾ ಅಂತ ಯಾರೂ ಕೇಳೋದಿಲ್ಲ. ಮೆಕ್ಯಾನಿಕ್ ಯೋಚನೆ ಮಾಡಿದ್ದಕ್ಕೆ ಮಾತ್ರ ನಾವು ಬಿಡಿಗಾಸು ಕೊಡಲ್ಲ, ಡಬ್ಬಿಯಲ್ಲಿ ಬಂದ ಸಾಮಾನಿಗೆ ತಕರಾರಿಲ್ಲದೆ 6,800 ಕೊಡ್ತೀವಿ. ಹಾಗಾದಾಗ ಅವನು ಕಾರಣ ಯಾಕೆ ಹುಡುಕುತ್ತಾನೆ? ಸಾಮಾನು ಹಾಕುತ್ತಾನೆ. "ಲೈಟ್ ಆಫ್ ಮಾಡಿ ಕೊಡಿ ಸಾಕು" ಅಂತ ಕೇಳೋರು ನಾವು, ಅವನು ಆಫ್ ಮಾಡಿ ಕೊಡ್ತಾನೆ.

ಮತ್ತೆ ನಾವೇನು ಸಾಚಾನಾ? ನಾನೇ ಬರೆದ ಕೋಡಿನಲ್ಲಿ ಖಾಲಿ ಕ್ಯಾಚ್ ಬ್ಲಾಕ್‌ಗಳಿವೆ. ಎರರ್ ಬಂದರೆ ನುಂಗಿಕೋ, ಯಾರಿಗೂ ಹೇಳಬೇಡ. ರಾತ್ರಿ ಎರಡು ಗಂಟೆಗೆ ಅಲರ್ಟ್ ಬಂದರೆ ಸರ್ವರ್ ರೀಸ್ಟಾರ್ಟ್ ಮಾಡಿ ಮಲಗಿದ್ದೇನೆ, ಬೆಳಗ್ಗೆ "ಇಶ್ಯೂ ರಿಸಾಲ್ವ್ಡ್" ಅಂತ ಮೇಲ್ ಹಾಕಿದ್ದೇನೆ. ಆ ನಾನೂರು ರೂಪಾಯಿಯ ಹುಡುಗನಿಗೂ ನನಗೂ ಸಂಬಳದಲ್ಲಿ ಬಿಟ್ಟರೆ ಬೇರೆ ವ್ಯತ್ಯಾಸ ಇಲ್ಲ. ಇದನ್ನು ಬರೆಯುವಾಗ ಕೈ ನಡುಗುತ್ತೆ, ಆದರೂ ಬರೆದಿದ್ದೇನೆ.

"ಇದೆಲ್ಲಾ ಇ20 ಪೆಟ್ರೋಲಿನ ಮಹಿಮೆ" ಅಂತ ಕೆಲವರು ಹೇಳಿದರು. ಅದರಲ್ಲೂ ಅರ್ಧ ಸತ್ಯ ಇದೆ. ಎಥನಾಲ್ ಒಳಗೇ ಆಕ್ಸಿಜನ್ ಇರುತ್ತೆ. ಒಂದು ಕೆಜಿ ಪೆಟ್ರೋಲ್ ಉರಿಯೋಕೆ ಸುಮಾರು 14.7 ಕೆಜಿ ಗಾಳಿ ಬೇಕಾದರೆ, 20 ಪರ್ಸೆಂಟ್ ಎಥನಾಲ್ ಬೆರೆಸಿದ್ದಕ್ಕೆ ಹದಿಮೂರುವರೆ ಸಾಕು. ಹಾಗಾಗಿ ಹಳೇ ಗಾಡಿಯ ಕಂಪ್ಯೂಟರು ಏಳೆಂಟು ಪರ್ಸೆಂಟ್ ಜಾಸ್ತಿ ಪೆಟ್ರೋಲ್ ಹಾಕಲೇಬೇಕು. ಗ್ಯಾಸ್ಕೆಟ್ ಹಾಕಿದ ಮೇಲೂ ನನ್ನ ಗಾಡಿ 7 ಪರ್ಸೆಂಟ್ ಜಾಸ್ತಿ ತೋರಿಸುತ್ತಿದೆ. ಅಂದರೆ ಮೊದಲೇ ತುದಿಗೆ ಹತ್ತಿರ ನಿಂತಿದ್ದ ಗಾಡಿಯನ್ನು ಸಣ್ಣ ಲೀಕ್ ಒಂದು ಆಚೆ ತಳ್ಳಿತು. ಈ ಪೆಟ್ರೋಲಿನ ಬಗ್ಗೆ ಜಗಳ ಆಡೋಕೆ ಬೇಕಾದಷ್ಟಿದೆ, ಆಡೋಣ. ಆದರೆ ಎಲ್ಲದಕ್ಕೂ ಅದನ್ನೇ ಬೈದು ಬಾನೆಟ್ ತೆಗೆಯದೆ ಕೂತರೆ ಅದೂ ಒಂಥರಾ ಕ್ಲಿಯರ್ ಬಟನ್ನೇ.

ಕೊನೆಗೆ ನಿಮಗೆ ಉಪಯೋಗಕ್ಕೆ ಬರಲಿ ಅಂತ ನಾಲ್ಕು ಮಾತು. ದೀಪ ಸುಮ್ಮನೆ ಉರಿಯುತ್ತಿದ್ದರೆ ಗಾಬರಿ ಬೇಡ, ಆದರೆ ಮಿಣಮಿಣ ಮಿಟುಕುತ್ತಿದ್ದರೆ ನಿಧಾನವಾಗಿ ಪಕ್ಕಕ್ಕೆ ಹಾಕಿ. ಎಂಜಿನ್ ಮಿಸ್‌ಫೈರ್ ಆಗಿ ಉರಿಯದ ಪೆಟ್ರೋಲು ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗ್ತಿದೆ ಅಂತ ಅರ್ಥ, ಅದು ಸುಟ್ಟರೆ ನಿಜವಾಗಲೂ ದೊಡ್ಡ ಖರ್ಚು. ಗ್ಯಾರೇಜಿಗೆ ಹೋದರೆ "ಕ್ಲಿಯರ್ ಮಾಡೋಕೆ ಮುಂಚೆ ಫ್ರೀಜ್ ಫ್ರೇಮ್ ಬರೆದುಕೊಡಿ" ಅಂತ ಕೇಳಿ. ಬೆಳಗ್ಗೆ ಮಾತ್ರ ಬರುವ ತೊಂದರೆಯಾದರೆ ಗಾಡಿಯನ್ನು ರಾತ್ರಿಯೇ ಬಿಟ್ಟು ಬನ್ನಿ. ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವಾಗ ಕೀ ತಿರುಗಿಸಿದ ತಕ್ಷಣ ಆ ದೀಪ ಒಮ್ಮೆ ಹತ್ತಬೇಕು. ಹತ್ತದಿದ್ದರೆ ಯಾರೋ ಕಿತ್ತಿದ್ದಾರೆ ಅಂತ ಅನುಮಾನ ಪಡಿ. ಸ್ಕ್ಯಾನರಿನಲ್ಲಿ ಕೋಡ್ ಇಲ್ಲ, ಆದರೆ ಹಲವು ಮಾನಿಟರ್‌ಗಳು "ನಾಟ್ ರೆಡಿ" ಅಂತಿವೆ ಅಂದರೆ ಬಹುಶಃ ನಿನ್ನೆ ಮೊನ್ನೆ ಕ್ಲಿಯರ್ ಮಾಡಿ ತಂದಿದ್ದಾರೆ. ಇಷ್ಟಕ್ಕೂ ಎಂಜಿನಿಯರಿಂಗ್ ಓದಬೇಕಾಗಿಲ್ಲ.

ಇನ್ನೊಂದು. ದೋಷ ನಿಜವಾಗಿ ಸರಿಹೋಗಿದ್ದರೆ ದೀಪವನ್ನು ಯಾರೂ ಆರಿಸಬೇಕಾಗಿಯೇ ಇಲ್ಲ. ಸಾಲಾಗಿ ಮೂರು ಓಡಾಟದಲ್ಲಿ ದೋಷ ಕಾಣದಿದ್ದರೆ ಅದೇ ಆರುತ್ತೆ. ಭಾಯ್ ಕೆಲಸ ಮುಗಿಸಿ ಸ್ಕ್ಯಾನರ್ ತೆಗೆದಾಗ, "ಬೇಡ, ಹಾಗೇ ಇರಲಿ" ಅಂದೆ. ಮೂರು ದಿನ ದೀಪ ಉರಿಸಿಕೊಂಡೇ ಆಫೀಸಿಗೆ ಹೋದೆ. ನಾಲ್ಕನೇ ದಿನ ಬೆಳಗ್ಗೆ ಸ್ಟಾರ್ಟ್ ಮಾಡಿದೆ. ಟಿಕ್ ಟಿಕ್ ಇಲ್ಲ. ದೀಪ ಒಮ್ಮೆ ಹತ್ತಿ, ತಾನಾಗೇ ಆರಿತು. ಅಪ್ಪನಿಗೆ ಫೋನ್ ಮಾಡಿದೆ. "ನಾನು ಅವತ್ತೇ ಹೇಳಿದ್ದೆ" ಅಂತ ಬೈತಾರೆ ಅಂದುಕೊಂಡಿದ್ದೆ. "ಆ ಮೆಕ್ಯಾನಿಕ್‌ಗೆ ಸರಿಯಾಗಿ ದುಡ್ಡು ಕೊಟ್ಯೇನೋ?" ಅಂತ ಮಾತ್ರ ಕೇಳಿದರು.

ಕೊಟ್ಟೆ. ಚೌಕಾಸಿ ಮಾಡಿದ್ದನ್ನು ಅಪ್ಪನಿಗೆ ಹೇಳಲಿಲ್ಲ, ಇಲ್ಲಿ ಹೇಳಿದ್ದೇನೆ.

ನಿಮ್ಮ ಗಾಡಿಯಲ್ಲೂ ಇಂಥದ್ದೇನಾದರೂ ಆಗಿದ್ದರೆ ಬರೆಯಿರಿ. ಗ್ಯಾರೇಜಿನವರನ್ನು ಬೈಯೋರು ಬೈಯಿರಿ, ಆದರೆ ಕೊನೇ ಸಲ ಯಾರಿಗಾದರೂ "ಹುಡುಕಿದ್ದಕ್ಕೆ" ಅಂತ ದುಡ್ಡು ಕೊಟ್ಟಿದ್ದು ಯಾವಾಗ ಅನ್ನೋದನ್ನೂ ಜೊತೆಗೆ ಬರೆಯಿರಿ. ಏನಂತೀರಾ?